ಕೆಂಪು ಜಿಂಕೈಟ್: ಬಂಡೆಯದಾ, ಚಿಮಣಿಯದಾ?

ನಮಸ್ಕಾರ. ಕಿತ್ತಳೆಗೆಂಪು ಬಣ್ಣ, ಬೆಳಕು ಸರಾಗವಾಗಿ ಹಾಯುವ ಮೈ, ಆರು ಮುಖದ ಉದ್ದನೆಯ ಕಡ್ಡಿ. ಆನ್‌ಲೈನ್‌ನಲ್ಲಿ ಇಂಥ ಹರಳಿನ ಫೋಟೋ ಹಾಕಿ, ಕೆಳಗೆ "ನೈಸರ್ಗಿಕ ಜಿಂಕೈಟ್" ಅಂತ ಬರೆದಿರ್ತಾರೆ. ಚಿತ್ರದುರ್ಗ, ದಾವಣಗೆರೆ ಕಡೆ ಭೂವಿಜ್ಞಾನ ಓದುವವರು, ಕಲ್ಲು ಕೂಡಿಡುವವರು, ಉಂಗುರಕ್ಕೆ ಹರಳು ಹುಡುಕುವವರು ಯಾರೇ ಇರಲಿ, ದುಡ್ಡು ಹಾಕುವ ಮುಂಚೆ ಇಷ್ಟು ಕೇಳಿಸಿಕೊಳ್ಳಿ. ಆ ತರಹದ ಶುಭ್ರವಾದ ಉದ್ದ ಕಡ್ಡಿಗಳು ಬಹುತೇಕ ಎಲ್ಲವೂ ಪೋಲೆಂಡಿನಲ್ಲಿ, ಸತುವಿನ ಬಿಳಿ ಬಣ್ಣ ತಯಾರಿಸುವ ಕುಲುಮೆಗಳ ಚಿಮಣಿಯೊಳಗೆ ತಾವಾಗಿಯೇ ಬೆಳೆದವು. ಭೂಮಿಯೊಳಗೆ ಹುಟ್ಟಿದ್ದಲ್ಲ. ಚಿಮಣಿಯ ಹರಳಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅದನ್ನು ಬಂಡೆಯ ಹರಳು ಅಂತ ಮಾರೋದು ಮೋಸ, ಅಷ್ಟೇ ನನ್ನ ತಕರಾರು.

ಮೊದಲು ವಸ್ತು ಏನು ಅಂತ ನೋಡೋಣ. ಜಿಂಕೈಟ್ ಅಂದ್ರೆ ಸತುವಿನ ಆಕ್ಸೈಡ್. ತೂಕದಲ್ಲಿ ಶೇ. 80ರಷ್ಟು ಸತು, ಉಳಿದ 20 ಆಮ್ಲಜನಕ. ಕ್ಯಾಲಮೈನ್ ಲೋಷನ್ನಿನಲ್ಲಿ, ಟೈರಿನ ರಬ್ಬರಿನಲ್ಲಿ ಇರುವ ಬಿಳಿ ಪುಡಿಯೂ ಇದೇ. ಶುದ್ಧವಾಗಿದ್ದರೆ ಬಣ್ಣವೇ ಇಲ್ಲ. ಗಣಿಯ ಜಿಂಕೈಟ್ ಕೆಂಪಗಿರೋದು ಒಳಗೆ ಸೇರಿಕೊಂಡ ಮ್ಯಾಂಗನೀಸಿನಿಂದ. ಗಡಸುತನ, 1ರಿಂದ 10ರವರೆಗಿನ ಮೋಸ್ ಮಾನದಲ್ಲಿ, 4, ಅಂದ್ರೆ ಚಾಕುವಿನ ತುದಿ ಗೀರುತ್ತೆ. ಸಾಪೇಕ್ಷ ಸಾಂದ್ರತೆ, ಅಂದ್ರೆ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನೋದು, 5.6ರಿಂದ 5.7. ಬೆಳಕನ್ನು ಎಷ್ಟು ಬಗ್ಗಿಸುತ್ತೆ ಅನ್ನುವ ವಕ್ರೀಭವನ ಸೂಚ್ಯಂಕ 2ಕ್ಕಿಂತ ಸ್ವಲ್ಪ ಮೇಲೆ, ಅದಕ್ಕೇ ಆ ಹೊಳಪು. ಇಷ್ಟು ಮೆತ್ತಗಿನ ಕಲ್ಲು ಉಂಗುರಕ್ಕೆ ಆಗಿಬರಲ್ಲ. ಹುಣಸೆಹುಳಿ, ನಿಂಬೆರಸ ಹಾಕಿ ಉಜ್ಜಿದರೆ ಹೊಳಪೂ ಹೋಗುತ್ತೆ, ಯಾಕಂದ್ರೆ ಸತುವಿನ ಆಕ್ಸೈಡ್ ಆಮ್ಲದಲ್ಲಿ ಕರಗುತ್ತೆ.

ಇಷ್ಟು ಸಾಮಾನ್ಯ ರಾಸಾಯನಿಕ ಬಂಡೆಯಲ್ಲಿ ಮಾತ್ರ ಯಾಕಿಷ್ಟು ಅಪರೂಪ? ಭೂಮಿಯೊಳಗೆ ಸತು ಗಂಧಕವನ್ನು ಬಿಟ್ಟಿರಲ್ಲ. ಗಂಧಕದ ಜೊತೆ ಸೇರಿ ಸ್ಫ್ಯಾಲರೈಟ್ ಆಗಿ ಕೂರುತ್ತೆ. ಚಿತ್ರದುರ್ಗದ ಪಕ್ಕದ ಇಂಗಳದಾಳನ್ನೇ ತಗೊಳ್ಳಿ. ತಾಮ್ರದ ಅದಿರು ತೆಗೆದ ಊರು. ಅಲ್ಲಿ ಚಾಲ್ಕೋಪೈರೈಟ್, ಪೈರೈಟ್ ಜೊತೆ ಸತುವೂ ಇದೆ, ಇರೋದು ಸ್ಫ್ಯಾಲರೈಟ್ ರೂಪದಲ್ಲಿ. ಆ ಅದಿರು ಮೇಲ್ಮೈಗೆ ಬಂದು ಗಾಳಿ, ಮಳೆನೀರಿಗೆ ಸಿಕ್ಕಿ ಕೊಳೆತರೆ ಆಗಲಾದರೂ ಆಕ್ಸೈಡ್ ಆಗಬಾರದಾ? ಆಗಲ್ಲ. ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡು ಸತುವನ್ನು ಹಿಡಿದು ಸ್ಮಿತ್ಸೊನೈಟ್ ಅನ್ನೋ ಖನಿಜ ಮಾಡುತ್ತೆ, ಸಿಲಿಕಾ (ಮರಳಿನ ಮುಖ್ಯ ವಸ್ತು) ಹಿಡಿದು ಹೆಮಿಮಾರ್ಫೈಟ್ ಅನ್ನೋ ಖನಿಜ ಮಾಡುತ್ತೆ. ಬರೀ ಆಕ್ಸೈಡ್ ಆಗಿ ಉಳಿಯಬೇಕಾದರೆ ಸತು ಹೇರಳವಾಗಿ ಇರಬೇಕು, ಗಂಧಕ ತೀರಾ ಕಮ್ಮಿ ಇರಬೇಕು, ಹಿಡಿಯೋಕೆ ಸಿಲಿಕಾ ಸಾಕಷ್ಟು ಸಿಗಬಾರದು.

ಇವೆಲ್ಲ ದೊಡ್ಡ ಪ್ರಮಾಣದಲ್ಲಿ ಕೂಡಿಬಂದ ಜಾಗ ಅಮೆರಿಕದ ನ್ಯೂಜೆರ್ಸಿ. ಅಲ್ಲಿನ ಫ್ರಾಂಕ್ಲಿನ್ ಮತ್ತು ಸ್ಟರ್ಲಿಂಗ್ ಹಿಲ್ ಗಣಿಗಳಲ್ಲಿ, ಸುಮಾರು 100 ಕೋಟಿ ವರ್ಷಗಳ ಹಿಂದೆ ಭಾರೀ ಶಾಖ, ಒತ್ತಡಕ್ಕೆ ಸಿಕ್ಕಿ ಅಮೃತಶಿಲೆಯಾದ ಸುಣ್ಣದ ಬಂಡೆಯ ನಡುವೆ ಜಿಂಕೈಟ್ ಅದಿರಿನ ಮಟ್ಟದಲ್ಲೇ ಸಿಕ್ಕಿತು. 1810ರಲ್ಲಿ ಅಮೆರಿಕದ ಖನಿಜತಜ್ಞ ಆರ್ಚಿಬಾಲ್ಡ್ ಬ್ರೂಸ್ ಅದನ್ನು ವಿವರಿಸಿದರು. ಫ್ರಾಂಕ್ಲಿನ್ ಗಣಿ 1954ರಲ್ಲಿ ಮುಚ್ಚಿತು, ಸ್ಟರ್ಲಿಂಗ್ ಹಿಲ್ 1986ರಲ್ಲಿ. ಬೇರೆ ಕಡೆ ಸಿಗೋದು ಚೂರುಪಾರು. ಹಾಗಾಗಿ "ಹೊಸದಾಗಿ ಗಣಿಯಿಂದ ತೆಗೆದ ಜಿಂಕೈಟ್, ಎಷ್ಟು ಬೇಕಾದ್ರೂ ಸ್ಟಾಕ್ ಇದೆ" ಅಂದ ಕೂಡಲೇ ಅನುಮಾನ ಬರಬೇಕು.

ಚಿಮಣಿಯಲ್ಲಿ ಅದು ಹೇಗೆ ಬೆಳೆಯುತ್ತೆ? ಸತು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತೆ. ಅದಿರಿನಿಂದ ಅದನ್ನು ಬಿಡಿಸಿಕೊಳ್ಳೋಕೆ ಅದಕ್ಕಿಂತ ಹೆಚ್ಚು ಶಾಖ ಬೇಕು. ಹಾಗಾಗಿ ಕುಲುಮೆಯಿಂದ ಸತು ಹೊರಬರೋದೇ ಆವಿಯಾಗಿ, ಗಾಳಿ ಸೋಕಿದ ತಕ್ಷಣ ಉರಿದು ಆಕ್ಸೈಡ್ ಆಗುತ್ತೆ. ರಾಜಸ್ಥಾನದ ಜಾವರ್‌ನಲ್ಲಿ ಹಿಂದಿನವರು ಮೂಸೆಯ ಬಾಯಿ ಕೆಳಮುಖ ಮಾಡಿ, ಆವಿಯನ್ನು ಗಾಳಿಗೆ ಕೊಡದೆ ಕೆಳಗಿನ ತಂಪು ಪಾತ್ರೆಗೆ ಇಳಿಸಿ ಸತು ಹಿಡಿದಿದ್ದು ಈ ಕಾರಣಕ್ಕೇ. ಎಂಥ ಜಾಣತನ ನೋಡಿ! ಬಿಳಿ ಬಣ್ಣದ ಕಾರ್ಖಾನೆಗೆ ಬೇಕಾದ್ದು ಆಕ್ಸೈಡೇ, ಅದಕ್ಕೆ ಅಲ್ಲಿ ಆವಿಯನ್ನು ಬೇಕಂತಲೇ ಉರಿಸ್ತಾರೆ. ಹೆಚ್ಚಿನದು ಪುಡಿಯಾಗುತ್ತೆ. ಬಿಸಿ ಗೋಡೆಯ ಸಂದಿಯಲ್ಲಿ ನಿಧಾನವಾಗಿ ಕೂತದ್ದು ಹರಳಾಗುತ್ತೆ: ಕೆಂಪು, ಕಿತ್ತಳೆ, ಹಳದಿ, ಹಸಿರು. ದಾವಣಗೆರೆಯ ವೆಲ್ಡಿಂಗ್ ಶಾಪಿನಲ್ಲಿ ಸತು ಬಳಿದ ಜಿಐ ಪೈಪಿಗೆ ಬೆಸುಗೆ ಹಾಕುವಾಗ ಏಳುವ ಬಿಳಿ ಹೊಗೆಯೂ ಇದೇ ಆಕ್ಸೈಡ್. ಆ ಹೊಗೆ ಕುಡಿದವರಿಗೆ ಕೆಲವು ಗಂಟೆ ಬಿಟ್ಟು ಚಳಿಜ್ವರ ಹಿಡಿಯುತ್ತೆ, ದಯವಿಟ್ಟು ಗಾಳಿಯಾಡುವ ಕಡೆ ಕೆಲಸ ಮಾಡಿ.

ಇನ್ನು ಪರೀಕ್ಷೆ. ಮೊದಲು ಒರೆ. ಬಾತ್‌ರೂಮ್ ಟೈಲ್ಸಿನ ಹಿಂಬದಿ, ಹೊಳಪಿಲ್ಲದ ಕಡೆ, ಕಲ್ಲನ್ನು ಒತ್ತಿ ಎಳೆಯಿರಿ. ಗಣಿಯ ಜಿಂಕೈಟ್ ಕಿತ್ತಳೆ-ಹಳದಿ ಗೀರು ಬಿಡುತ್ತೆ. ಚಿತ್ರದುರ್ಗದ ಬೆಟ್ಟಗಳಲ್ಲಿ ಸಿಗುವ ಕೆಂಪು ಕಲ್ಲನ್ನು ಜಿಂಕೈಟ್ ಅಂದುಕೊಂಡವರಿಗೆ ಇಲ್ಲೇ ಉತ್ತರ ಸಿಗುತ್ತೆ. ಹೆಮಟೈಟ್ ಅನ್ನೋ ಕಬ್ಬಿಣದ ಅದಿರಾದರೆ ಗೀರು ಕಂದುಗೆಂಪು. ಜಾಸ್ಪರ್ ಅನ್ನೋ ಗಟ್ಟಿ ಸಿಲಿಕಾ ಕಲ್ಲಾದರೆ ಟೈಲ್ಸೇ ಸವೆಯುತ್ತೆ, ಕಲ್ಲು ಚಾಕುವಿಗೂ ಬಗ್ಗಲ್ಲ.

ಆಮೇಲೆ ಸಾಂದ್ರತೆ. ಚಿನ್ನದಂಗಡಿಯಲ್ಲಿ ಇಡುವಂಥ, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ತೆಳು ದಾರ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಲ್ಲಿ ತೂಗುಬಿಡಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ, ಕಲ್ಲಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ಒಣ ತೂಕ 28.4, ನೀರಲ್ಲಿ ತೋರಿಸಿದ್ದು 5.0 ಅಂದ್ರೆ ಭಾಗಿಸಿದಾಗ 5.68. ತಪ್ಪಾಗೋದು ಎರಡು ಕಡೆ. ಕಲ್ಲಿಗೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ಕಮ್ಮಿ ಬರುತ್ತೆ, ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ. ಕಲ್ಲು ತಳ ಮುಟ್ಟಿದರೆ ಅದರ ಭಾರ ತಕ್ಕಡಿಗೆ ಬಿದ್ದು ಮತ್ತೂ ಕೆಡುತ್ತೆ. ಕ್ಯಾಲ್ಸೈಟ್ (ಸುಣ್ಣದ ಬಂಡೆಯ ಖನಿಜ) ಅಂಟಿಕೊಂಡ ತುಂಡಿಗೆ ಈ ಪರೀಕ್ಷೆ ಬೇಡ, ಕ್ಯಾಲ್ಸೈಟಿನದು ಬರೀ 2.7. ಹೆಮಟೈಟಿನದು 5.3ರ ಹತ್ತಿರ ಇರೋದರಿಂದ ತೂಕವೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ.

ಆದರೆ ಒಂದು ಮಾತು. ಗಡಸುತನ, ಸಾಂದ್ರತೆ ಎರಡೂ ಚಿಮಣಿಯ ಹರಳಿಗೂ ಬಂಡೆಯ ಹರಳಿಗೂ ಒಂದೇ. ವಸ್ತು ಒಂದೇ ಅಲ್ವಾ. "ಟೆಸ್ಟ್ ಮಾಡಿಸಿ ಸರ್ಟಿಫಿಕೇಟ್ ಕೊಡ್ತೀವಿ, ಜಿಂಕೈಟೇ" ಅನ್ನೋರು ಸುಳ್ಳು ಹೇಳ್ತಿಲ್ಲ, ನೀವು ಕೇಳಿದ್ದಕ್ಕೆ ಉತ್ತರ ಕೊಡ್ತಿಲ್ಲ. ಹುಟ್ಟು ಹೇಳೋದು ಜೊತೆಗಾರರು. ಫ್ರಾಂಕ್ಲಿನ್ ಕಡೆಯ ತುಂಡಿನಲ್ಲಿ ಜಿಂಕೈಟ್ ಕಡುಗೆಂಪು ಕಾಳುಗಳಾಗಿ, ಬಿಳಿ ಕ್ಯಾಲ್ಸೈಟ್, ಸತುವಿನ ಬೇರೆ ಖನಿಜಗಳಾದ ಕಪ್ಪು ಫ್ರಾಂಕ್ಲಿನೈಟ್, ವಿಲ್ಲೆಮೈಟ್ ನಡುವೆ ಹುದುಗಿರುತ್ತೆ. 254 ನ್ಯಾನೋಮೀಟರಿನ ಯುವಿ ದೀಪವನ್ನು ಕತ್ತಲಲ್ಲಿ ಹಿಡಿದರೆ ವಿಲ್ಲೆಮೈಟ್ ಹಸಿರಾಗಿ, ಕ್ಯಾಲ್ಸೈಟ್ ಕೆಂಪು-ಕಿತ್ತಳೆಯಾಗಿ ಉರಿಯುತ್ತೆ, ಫ್ರಾಂಕ್ಲಿನೈಟ್ ಕಪ್ಪಗೇ ಇರುತ್ತೆ. ನೋಟು ಪರೀಕ್ಷಿಸುವ ಅಗ್ಗದ ಟಾರ್ಚಿನ ಅಲೆ ಉದ್ದ ಬೇರೆ, ಅದರಲ್ಲಿ ಇಷ್ಟು ಚೆನ್ನಾಗಿ ಕಾಣಲ್ಲ. 254ರ ದೀಪ ಕಣ್ಣಿಗೆ ಅಪಾಯ, ಯುವಿ ತಡೆಯುವ ಕನ್ನಡಕ ಹಾಕಿಕೊಳ್ಳಿ. ಅಂಟಿದ ಬಂಡೆಯೇ ಇಲ್ಲದ, ಬೆರಳುದ್ದದ, ಪಾರದರ್ಶಕ ಒಂಟಿ ಕಡ್ಡಿಗೆ ಈ ದೀಪವೂ ಬೇಡ. ಚಿಮಣಿಯದೇ ಅಂದುಕೊಳ್ಳಿ.

ಚಿಮಣಿಯ ಹರಳು ಪಾಠಕ್ಕೆ ಚೆನ್ನಾಗಿದೆ ಅಂತಲೂ ಹೇಳ್ತೀನಿ. ಸತುವಿನ ಆಕ್ಸೈಡ್ ಅರೆವಾಹಕ (ಸೆಮಿಕಂಡಕ್ಟರ್). 1920ರ ದಶಕದ ಆರಂಭದಲ್ಲಿ ರಷ್ಯಾದ ಒಲೆಗ್ ಲೋಸೆವ್, ಜಿಂಕೈಟ್ ಹರಳಿಗೆ ಲೋಹದ ಮೊನೆ ತಾಗಿಸಿ ರೇಡಿಯೊ ಸಂಕೇತವನ್ನು ವರ್ಧಿಸಿ ತೋರಿಸಿದ್ದರು, ಟ್ರಾನ್ಸಿಸ್ಟರ್ ಬರೋಕೆ ಸುಮಾರು 25 ವರ್ಷ ಮುಂಚೆ. ನಮ್ಮ ಕಾಲೇಜು ಲ್ಯಾಬುಗಳು ಅಂಥ ಹರಳು ತರಿಸಲಿ, ಪಕ್ಕದಲ್ಲಿ ಇಂಗಳದಾಳಿನ ಸ್ಫ್ಯಾಲರೈಟ್ ಇರುವ ಅದಿರಿನ ತುಂಡನ್ನೂ ಇಡಲಿ. ಸ್ಫ್ಯಾಲರೈಟಿನ ಪುಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಕೊಳೆತ ಮೊಟ್ಟೆಯ ವಾಸನೆ, ಜಿಂಕೈಟಿಗೆ ಬಿಟ್ಟರೆ ವಾಸನೆಯಿಲ್ಲದೆ ಕರಗುತ್ತೆ. ಆ ಕೊಳೆತ ಮೊಟ್ಟೆ ವಾಸನೆಯದು ವಿಷಗಾಳಿ, ಆಮ್ಲ ಒಂದೆರಡು ಹನಿ ಸಾಕು, ಕಿಟಕಿ ತೆರೆದಿರಲಿ. ಚೀಟಿಯಲ್ಲಿ ಬರೀ "ಜಿಂಕೈಟ್" ಅಂತ ಬರೆದು ಬಿಡಬೇಡಿ. "ಸತುವಿನ ಆಕ್ಸೈಡ್, ಕುಲುಮೆಯಲ್ಲಿ ಬೆಳೆದದ್ದು, ಪೋಲೆಂಡ್" ಅಂತ ಬರೆಯಿರಿ. ಮಾರುವವರ ಹತ್ತಿರವೂ ಅದನ್ನೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಬರೆಯಲ್ಲ ಅಂದ್ರೆ ವಾಪಸ್ ಕೊಡಿ.