ಯೆಜ್ಡಿಗೆ ಬುಲೆಟ್ ಶಾಕ್ ಕೂಡತಾವೇನ್ರಿ?

ನಮಸ್ಕಾರ್ರೀ. ಬೆಳಗಾವಿಯಿಂದ ವಿಜಯಪುರದ ತನಕ ಹಳೇ ಗಾಡಿ ಇಟ್ಟವರದು ಒಂದ ಪ್ರಶ್ನೆ: “ಯೆಜ್ಡಿ ಹಿಂದಿನ ಶಾಕ್ (ಧಕ್ಕಿ ತಡಿಯೂ ಶಾಕ್ ಅಬ್ಸಾರ್ಬರ್) ಹೋಗ್ಯಾವ, ಬುಲೆಟ್ಟಿನವು ಹಾಕಲೇನು?” ಯೆಜ್ಡಿ ಮಾಡತಿದ್ದ ಮೈಸೂರಿನ ಫ್ಯಾಕ್ಟರಿ 1996ರಾಗ ಬಂದ್ ಆತು, ಒರಿಜಿನಲ್ ಸಿಗೂದು ಕಷ್ಟ. ಅದಕ್ಕ ಗಾಡಿ ಹೆಸರು ಬಿಡ್ರಿ, ಟೇಪ್ ಹಿಡೀರಿ.

[ಕ್ಲೋಸಪ್: ಮೇನ್ ಸ್ಟ್ಯಾಂಡ್ ಮ್ಯಾಲೆ ಗಾಡಿ, ಹಿಂದಿನ ಗಾಲಿ ನೆಲ ಬಿಟ್ಟದ]

ಹಳೇ ಶಾಕಿನ ಮ್ಯಾಲಿನ ಬೋಲ್ಟಿನ ನಡುವಿಂದ ಕೆಳಗಿನ ಬೋಲ್ಟಿನ ನಡುವಿನ ತನಕ ಅಳೀರಿ. ಹೊಸಾದು 5 ಮಿ.ಮೀ. ಹೆಚ್ಚುಕಮ್ಮಿ ಇದ್ರ ನಡೀತೈತಿ. 20 ಉದ್ದ ಆತಂದ್ರ ಹಿಂದ ಏರಿ, ಮುಂದಿನ ಗಾಲಿ ಹಿಡದ ಫೋರ್ಕ್ ನೆಟ್ಟಗಾಗಿ, ಹ್ಯಾಂಡಲ್ ತಡಬಡಾಯಿಸತೈತಿ. ಮೇನ್ ಸ್ಟ್ಯಾಂಡ್ ಹಾಕಿದ್ರೂ ಗಾಲಿ ನೆಲ ಬಿಡಂಗಿಲ್ಲ. ಗಿಡ್ಡಾದ್ರ ಟೈರು ಮಡ್‌ಗಾರ್ಡಿಗೆ ಬಡೀತೈತಿ. ಬೋಲ್ಟ್ ಹಾಯೂ ಬುಶ್ಶಿನ (ಶಾಕಿನ ತುದಿಯ ರಬ್ಬರ್ ಕೂಡಿದ ಕೊಳವಿ) ತೂತು ಸಣ್ಣ ಅಳತಿ ತೋರ್ಸೂ ವರ್ನಿಯರ್‌ಲೆ ನೋಡ್ರಿ. ದೊಡ್ಡದಿದ್ರ ತಗಡು ತುರುಕಬ್ಯಾಡ್ರಿ, ಲೇತಿನಾಗ ಸ್ಲೀವ್ ಮಾಡಸ್ರಿ.

ಈಗ ಅಸಲಿ ಮಾತು. ಶಾಕಿನ ಸ್ಪ್ರಿಂಗಿನ ತುದಿಗೆ ಮೆಟ್ಟಲ ಮೆಟ್ಟಲ ಇದ್ದ ಒಂದು ರಿಂಗ್ ಇರತೈತಿ. “ಸ್ಪ್ರಿಂಗ್ ಮೆತ್ತಗಾದ್ರ ರಿಂಗ್ ತಿರುವ್ರಿ, ಬಿರುಸಾಗತೈತಿ” ಅಂತಾರ. ಆಗಂಗಿಲ್ರೀ!

[ಬೋರ್ಡ್ ಮ್ಯಾಲೆ ಲೆಕ್ಕ]

ಒಂದು ಸ್ಪ್ರಿಂಗ್ 1 ಮಿ.ಮೀ. ಅಮುಕಾಕ 2 ಕಿಲೋ ಬೇಕು ಅಂತ ಹಿಡೀರಿ. ಎರಡೂ ಕೂಡಿ 4. ಅವುಗಳ ಮ್ಯಾಲೆ 120 ಕಿಲೋ ಬಿತ್ತು, 30 ಮಿ.ಮೀ. ಇಳದ್ವು. ಈಗ ರಿಂಗ್ ತಿರುವಿ ತೂಕ ಬೀಳೂ ಮುಂಚೇನ 10 ಮಿ.ಮೀ. ಅಮುಕಿ ಇಟ್ರಿ. ಅದ 120 ಕಿಲೋಕ್ಕ 20 ಅಷ್ಟ ಇಳೀತಾವು. ಆದ್ರ ಅಲ್ಲಿಂದ ಮುಂದ ತೆಗ್ಗಿಗೆ ಬಿದ್ರ? ಮತ್ತದ, 1 ಮಿ.ಮೀ.ಗೆ 4 ಕಿಲೋ! ಗಿಡ್ಡ ಮನಶ್ಯಾನ್ನ ಸ್ಟೂಲ್ ಮ್ಯಾಲೆ ನಿಂದರ್ಸಿದ್ರ ಎತ್ತರ ಕಾಣತಾನ, ರಟ್ಟಿಯಾಗ ಕಸುವು ಎಲ್ಲಿಂದ ಬರಬೇಕು? ಹಂಗ ಇದು. ರಿಂಗ್ ಗಾಡಿ ಎತ್ತರ ಸರಿ ಮಾಡಾಕ, ಅಷ್ಟ. ಸುರುಳಿ ಎಲ್ಲಾ ಒಂದ ಅಂತರದಾಗ ಇದ್ದ ಸ್ಪ್ರಿಂಗಿನ ಲೆಕ್ಕ ಇದು, ಮತ್ತ ಜಗಳಕ್ಕ ಬರಬ್ಯಾಡ್ರಿ.

ಹಂಗಾದ್ರ ಸ್ಪ್ರಿಂಗ್ ಸರಿ ಐತೋ ಇಲ್ಲೋ ತಿಳಿಯೂದು ಹೆಂಗ? ಗಾಲಿ ನೆಲ ಬಿಟ್ಟಾಗ ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿನ ತನಕ ಅಳೀರಿ. ಸ್ಟ್ಯಾಂಡ್ ಇಳಿಸಿ, ನೀವು ಕುಂತು, ಮತ್ತೊಬ್ಬರ ಕಡೆ ಅಳಸ್ರಿ. ಎರಡರ ಫರಕ ಅಂದ್ರ ಗಾಡಿ ಇಳದದ್ದು. ಗಾಲಿಯ ಒಟ್ಟು ಓಡಾಟ 90 ಮಿ.ಮೀ. ಇದ್ರ 25ರಿಂದ 30 ಇಳೀಬೇಕು. ರಿಂಗ್ ಪೂರಾ ಏರಿಸಿದ್ರೂ 40 ಇಳದ್ರ ಸ್ಪ್ರಿಂಗ್ ಮೆತ್ತಗ. ಪೂರಾ ಇಳಿಸಿದ್ರೂ 15 ದಾಟಲಿಲ್ಲ ಅಂದ್ರ ಬಿರುಸು. ಬುಲೆಟ್ ಯೆಜ್ಡಿಗಿಂತ ತೂಕದ ಗಾಡಿ, ಅದಕ್ಕ ಆ ಶಾಕ್ ಉದ್ದ ಕೂಡಿದ್ರೂ ಈ ಬಿರುಸಿನಾಗ ಸಿಕ್ಕಿ ಬೀಳೂದು ಹೆಚ್ಚು. ದಿನಾ ಹಿಂದ ಗೊಬ್ಬರದ ಚೀಲ ಹೇರವರಿಗೆ ಮಾತ್ರ ಆ ಬಿರುಸು ಚಲೋ.

ಟೈಮ್ ಆತು, ಉಳಿದದ್ದು ಜಲ್ದಿ. ಜೋಡೀನ ಬದಲಸ್ರಿ, ಒಂದ ಅಲ್ಲ. ಚೈನ್ ಕವರಿಗೆ, ಸೈಲೆನ್ಸರಿಗೆ ಸ್ಪ್ರಿಂಗ್ ತಾಕತೈತೇನು ನೋಡ್ರಿ. ಪಕ್ಕದಾಗಿನ ಗ್ಯಾಸ್ ಡಬ್ಬಿ ಕೆಲವಕ್ಕ ಬರೇ ಶೋಕಿ. ಸಾದಾ ಎಣ್ಣಿ ಶಾಕ್ ಇದ್ರ ಸಿಲಿಂಡರ್ ಕೆಳಗ, ರಾಡ್ ಮ್ಯಾಲೆ. ತಲಿಕೆಳಗ ಹಾಕಿದ್ರ ಎಣ್ಣಿ ಬದಲು ಗಾಳಿ ಎಳದು ಗಾಡಿ ಕುಣೀತೈತಿ. ಬೋಲ್ಟಿನ ಕೊನೀ ಬಿಗಿ ಗಾಡಿ ಗಾಲಿ ಮ್ಯಾಲೆ ನಿಂತಾಗ ಮಾಡ್ರಿ, ಇಲ್ಲಂದ್ರ ಬುಶ್ಶಿನ ರಬ್ಬರ್ ತಿರುಚಿ ಹರೀತೈತಿ.