ಕಿರ್ದಿ ಪುಸ್ತಕ ಮತ್ತು ಸ್ಟಾರ್ಟಪ್

ಕೇಳುಗರಿಗೆ ನಮಸ್ಕಾರ.

ವ್ಯಾಪಾರಕ್ಕಿಳಿಯುವವನಿಗೆ ಕೈಯಲ್ಲಿ ಹಣವಿರಬೇಕು, ಲೆಕ್ಕ ಬರಬೇಕು, ಕೊಟ್ಟದ್ದು ಕೊಂಡದ್ದು ಒಂದೇ ನೋಟಕ್ಕೆ ಕಾಣುವಂತೆ ಬರೆದಿಡುವ ಕ್ರಮವಿರಬೇಕು ಎಂದು ಇಟಲಿಯ ಗಣಿತಜ್ಞ ಲೂಕಾ ಪಾಚೊಲಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಅಂತರಜಾಲದ ಸ್ಟಾರ್ಟಪ್‌ಗಳಲ್ಲಿ ಈ ಮೂರರ ಪೈಕಿ ಮೊದಲನೆಯದನ್ನು ಹೂಡಿಕೆದಾರರು ತಂದು ಕೊಡುತ್ತಾರೆ. ಅದು ಧಾರಾಳವಾಗಿ ಸಿಕ್ಕ ಕಾಲದಲ್ಲಿ ಉಳಿದೆರಡರ ನೆನಪು ಯಾರಿಗೂ ಆಗುವುದಿಲ್ಲ.

ಅಮೆರಿಕದ ಪೆಟ್ಸ್ ಡಾಟ್ ಕಾಮ್ ಕಂಪನಿಯನ್ನೇ ನೋಡೋಣ. ಸಾಕುಪ್ರಾಣಿಗಳ ಆಹಾರವನ್ನೂ ಸಾಮಗ್ರಿಯನ್ನೂ ಜಾಲತಾಣದ ಮೂಲಕ ಮನೆಗೆ ಕಳಿಸುತ್ತಿದ್ದ ಈ ಕಂಪನಿ 2000ದ ಫೆಬ್ರವರಿಯಲ್ಲಿ ಷೇರುಪೇಟೆಗೆ ಬಂದು, ಅದೇ ನವೆಂಬರಿನಲ್ಲಿ ಬಾಗಿಲು ಹಾಕಿತು. ಅದರ ಜಾಹೀರಾತಿನ ಕಾಲುಚೀಲದ ಗೊಂಬೆ ಮಾತ್ರ ದೇಶಕ್ಕೆಲ್ಲ ಪರಿಚಿತವಾಗಿತ್ತು. ಗಿರಾಕಿಗಳಿಗೇನೂ ಬರವಿರಲಿಲ್ಲ, ಕೊಂಡ ಬೆಲೆಗಿಂತ ಕಡಿಮೆಗೆ ಮಾರುವವನಿಗೆ ಗಿರಾಕಿಗಳ ಬರ ಎಲ್ಲಿಯದು?

ಹಳೆಯ ಕಾಲದ ಗುಮಾಸ್ತನೊಬ್ಬ ಆ ಕಂಪನಿಯ ಕಿರ್ದಿಯಲ್ಲಿ ಪ್ರಾಣಿಗಳ ಆಹಾರದ ಒಂದೇ ಒಂದು ಚೀಲದ ಲೆಕ್ಕ ಬರೆದಿದ್ದರೆ ಸಾಕಿತ್ತು. ಜಮೆಯ ಕಡೆಗೆ ಗಿರಾಕಿ ಕೊಟ್ಟ ಹಣ. ಖರ್ಚಿನ ಕಡೆಗೆ ಮಾಲಿನ ಅಸಲು, ರಟ್ಟಿನ ಪೆಟ್ಟಿಗೆ, ಆ ಭಾರವಾದ ಚೀಲದ ಸಾಗಾಣಿಕೆ, ಬಿಟ್ಟುಕೊಟ್ಟ ರಿಯಾಯಿತಿ, ವಾಪಸು ಬಂದ ಮಾಲಿನ ನಷ್ಟ, ಆ ಗಿರಾಕಿಯನ್ನು ಕರೆತರಲು ಜಾಹೀರಾತಿಗೆ ತೆತ್ತದ್ದರ ಒಂದು ಪಾಲು. ಒಂದು ಚೀಲದಲ್ಲಿ ಕೈ ಕಚ್ಚಿದರೆ ಸಾವಿರ ಚೀಲಗಳಲ್ಲಿ ಸಾವಿರ ಪಟ್ಟು ಕಚ್ಚುತ್ತದೆ. ವ್ಯಾಪಾರ ಬೆಳೆದಂತೆಲ್ಲ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಕಿರ್ದಿಯ ಮುಂದೆ ನಿಲ್ಲುವುದಿಲ್ಲ. ಇದನ್ನೇ ಈಗ ‘ಯೂನಿಟ್ ಎಕನಾಮಿಕ್ಸ್’ ಎಂಬ ಹೊಸ ಹೆಸರಿನಿಂದ ಕಲಿಸುತ್ತಾರೆ.

ಹಾಗೆಂದು ಹಳೆಯ ಬುದ್ಧಿಮಾತೆಲ್ಲವನ್ನೂ ಇದ್ದಂತೆಯೇ ಒಪ್ಪಬೇಕೆಂದು ನಾನು ಹೇಳಲಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಹಾಸಿಗೆಯ ಉದ್ದ ಗೊತ್ತಿರುವವರಿಗೆ ಸರಿ. ತಂತ್ರಾಂಶವನ್ನು ಮೊದಲ ಬಾರಿ ಕಟ್ಟುವುದಕ್ಕೆ ಬಹಳ ಖರ್ಚಾಗುತ್ತದೆ, ಎರಡನೆಯ ಪ್ರತಿಗೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಆದ್ದರಿಂದ ಅಂಥ ಉದ್ಯಮ ಮೊದಮೊದಲು ನಷ್ಟದಲ್ಲಿರುವುದು ತಪ್ಪೇನಲ್ಲ. ತಪ್ಪಾಗುವುದು, ಪೆಟ್ಟಿಗೆ ಹೊತ್ತು ಸಾಗಿಸುವ ವ್ಯಾಪಾರವೂ ತನ್ನನ್ನು ತಂತ್ರಾಂಶವೆಂದು ತಿಳಿದುಕೊಂಡಾಗ.

ಅಮೆಜಾನ್ ಕೂಡ ಪೆಟ್ಟಿಗೆ ಸಾಗಿಸುವ ವ್ಯಾಪಾರವೇ. 1994ರಲ್ಲಿ ಜಾಲತಾಣದ ಪುಸ್ತಕದಂಗಡಿಯಾಗಿ ಸ್ಥಾಪನೆಯಾದ ಅದು ಇಡೀ ವರ್ಷದ ಲಾಭವನ್ನು ಮೊದಲು ಕಂಡದ್ದು 2003ರಲ್ಲಿ. ನಡುವಿನ ಅಷ್ಟು ವರ್ಷ ಅದು ಉಳಿದದ್ದರ ಗುಟ್ಟಿನ ಒಂದು ಭಾಗ ಹಳೆಯ ವರ್ತಕರಿಗೆ ಚೆನ್ನಾಗಿ ಗೊತ್ತಿದ್ದದ್ದೇ: ಗಿರಾಕಿಯಿಂದ ನಗದು, ಮಾಲು ಕೊಡುವವನಿಗೆ ಉದ್ದರಿ. ಕೊಂಡವರ ಹಣ ಕೂಡಲೇ ಕೈಸೇರುತ್ತಿತ್ತು, ಪುಸ್ತಕ ಒದಗಿಸಿದವರಿಗೆ ಪಾವತಿ ವಾರಗಳ ನಂತರ ಹೋಗುತ್ತಿತ್ತು, ನಡುವಿನ ದಿನಗಳಲ್ಲಿ ಆ ಹಣವೇ ಬಂಡವಾಳವಾಗಿ ದುಡಿಯುತ್ತಿತ್ತು. ಇದರ ಜೊತೆಗೆ 2000ದ ಫೆಬ್ರವರಿಯಲ್ಲಿ, ಅಂದರೆ ಅಮೆರಿಕದ ಷೇರುಪೇಟೆಯ ನಾಸ್ಡಾಕ್ ಸೂಚ್ಯಂಕ ತುತ್ತತುದಿ ಮುಟ್ಟಿ ಜಾರುವುದಕ್ಕೆ ಒಂದು ತಿಂಗಳು ಮೊದಲು, ಅದು ಯುರೋಪಿನಲ್ಲಿ ಬಾಂಡ್ ಮಾರಿ 69 ಕೋಟಿ ಯೂರೋ ಸಾಲ ಎತ್ತಿಟ್ಟುಕೊಂಡಿತ್ತು. ಅದರಲ್ಲಿ ಜಾಣ್ಮೆ ಎಷ್ಟು, ಅದೃಷ್ಟ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ; ಸಾಲ ಸುಲಭವಾಗಿ ಹುಟ್ಟುವಾಗಲೇ ಕಷ್ಟಕಾಲಕ್ಕೆ ತೆಗೆದಿಡಬೇಕೆಂಬ ಮಾತಂತೂ ಹಳೆಯದು.

ಕಡೆಯದಾಗಿ, ಗಿರಾಕಿಯ ವಿಷಯ. ಹೊಸ ಗಿರಾಕಿಯನ್ನು ಹುಡುಕುವುದಕ್ಕಿಂತ ಬಂದವನನ್ನು ಉಳಿಸಿಕೊಳ್ಳುವುದು ಅಗ್ಗವೆಂದು ಹಿರಿಯರು ಹೇಳುತ್ತಿದ್ದರು. 2011ರಲ್ಲಿ ಅಮೆರಿಕದಲ್ಲೇ ಆರಂಭವಾದ ಚ್ಯೂಯಿ ಎಂಬ ಕಂಪನಿ ಮಾರಿದ್ದು ಪೆಟ್ಸ್ ಡಾಟ್ ಕಾಮ್ ಮಾರುತ್ತಿದ್ದ ಅದೇ ಭಾರದ ಚೀಲವನ್ನು. ಆದರೆ ಅದು ಗಿರಾಕಿಗೆ ಪ್ರತಿ ಸಲವೂ ಹೊಸದಾಗಿ ಕೇಳುವ ತೊಂದರೆ ಇಲ್ಲದಂತೆ, ಚೀಲ ಮುಗಿಯುವ ಹೊತ್ತಿಗೆ ಮುಂದಿನದು ತಾನಾಗಿ ಮನೆಗೆ ತಲಪುವ ಏರ್ಪಾಟನ್ನು ಮಾಡಿತು. ಒಮ್ಮೆ ಜಾಹೀರಾತಿಗೆ ತೆತ್ತ ಹಣ ವರ್ಷಗಟ್ಟಲೆ ಫಲ ಕೊಡತೊಡಗಿತು. ಅಷ್ಟಾದರೂ ಇಡೀ ವರ್ಷದ ಲಾಭವನ್ನು ಕಾಣಲು ಅದು 2022ರವರೆಗೆ ಕಾಯಬೇಕಾಯಿತು.

ನಮಸ್ಕಾರ.