ಕಿವುಡ ವಿದ್ಯಾರ್ಥಿಗೆ ಮೊದಲು ಕವಿತೆ ಕೊಡಿ, ವ್ಯಾಕರಣ ಆಮೇಲೆ

ನಮಸ್ಕಾರ. ಬರವಣಿಗೆ ಕಲಿಸುವವರು ಯಾರೇ ಇರಲಿ, ಒಂದು ಮಾತು ಹೇಳಿಯೇ ಹೇಳುತ್ತಾರೆ. "ಬರೆದದ್ದನ್ನು ಒಂದ್ಸಲ ಗಟ್ಟಿಯಾಗಿ ಓದು, ತಪ್ಪು ತಾನಾಗೇ ಗೊತ್ತಾಗುತ್ತದೆ." ಒಳ್ಳೆಯ ಸಲಹೆ, ನಾನೂ ಕೊಡುತ್ತೇನೆ. ಆದರೆ ಎದುರಿಗೆ ಕೂತ ಹುಡುಗನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ ಅಂದರೆ? ಈ ಸಲಹೆಯಂತೂ ಕೆಲಸಕ್ಕೆ ಬರುವುದಿಲ್ಲ. ಅದರ ಜೊತೆಗೆ ನಾವು ಪಾಠ ಮಾಡುವ ಪದ್ಧತಿಯಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ.

ಇವತ್ತು ಈ ವಿಡಿಯೋದಲ್ಲಿ ನಾನು ಹೇಳಬೇಕಾದ್ದು ಇಷ್ಟೇ. ಕಿವುಡ ವಿದ್ಯಾರ್ಥಿಗಳಿಗೆ ಬರವಣಿಗೆ, ಸಾಹಿತ್ಯ ಕಲಿಸುವುದನ್ನು ನಾವು ರಿಪೇರಿ ಕೆಲಸ ಅಂದುಕೊಂಡಿದ್ದೇವೆ. ತಪ್ಪು ಹುಡುಕು, ಕೆಂಪು ಗೆರೆ ಎಳೆ, ಮತ್ತೆ ಬರೆಸು. ನಿಜಕ್ಕೂ ಇದು ಎರಡು ಭಾಷೆಗಳ ನಡುವಿನ ಕೆಲಸ. ಒಂದು ಭಾಷೆ ಕೈಯಲ್ಲಿದೆ, ಅದು ಸನ್ನೆ ಭಾಷೆ. ಇನ್ನೊಂದು ಕಾಗದದ ಮೇಲಿದೆ. ಕೈಯಲ್ಲಿರುವ ಭಾಷೆ ಬಾರದ ಮೇಷ್ಟ್ರು ಕಾಗದದ ಭಾಷೆಗೆ ಮಾರ್ಕ್ಸ್ ಹಾಕಬಾರದು. ಕಟುವಾಯಿತು ಅನಿಸಬಹುದು, ಇರಲಿ.

ಒಂದು ಉದಾಹರಣೆ ನೋಡಿ. ಒಬ್ಬ ವಿದ್ಯಾರ್ಥಿ ಹೀಗೆ ಬರೆದಿದ್ದಾನೆ ಅಂದುಕೊಳ್ಳಿ: "ನಿನ್ನೆ ಮಳೆ ಜೋರು ನಾನು ಓಡು ಬಸ್ ಹೋಗು ಮುಗಿಯಿತು." ಇಂಥ ಸಾಲು ಈ ಕ್ಲಾಸುಗಳಲ್ಲಿ ದಿನಾ ಸಿಗುತ್ತದೆ. ಪ್ರತ್ಯಯ ಇಲ್ಲ, ಕ್ರಿಯಾಪದಕ್ಕೆ ತಲೆಬುಡ ಇಲ್ಲ, ಕೊನೆಗೆ ಎಲ್ಲಿಂದಲೋ ಬಂದು ಕೂತ ಒಂದು "ಮುಗಿಯಿತು". ಹತ್ತಕ್ಕೆ ಎರಡು ಕೊಟ್ಟು ಮುಂದಿನ ಹಾಳೆ ತೆಗೆಯುತ್ತೀರಿ, ಅಲ್ವಾ?

ಈಗ ಅದನ್ನೇ ಅವನು ಸನ್ನೆಯಲ್ಲಿ ಹೇಳುವುದನ್ನು ನೋಡಿ. ಮೊದಲು "ನಿನ್ನೆ". ಕೆನ್ನೆ ಉಬ್ಬುತ್ತದೆ, ಎರಡೂ ಕೈ ಓರೆಯಾಗಿ ರಪರಪ ಇಳಿಯುತ್ತವೆ. ಜೋರು ಮಳೆ, ಗಾಳಿ ಬೇರೆ. ಎಡಗೈ ಬಸ್ಸಾಗುತ್ತದೆ. ಬಲಗೈಯ ಎರಡು ಬೆರಳು ಓಡುವ ಕಾಲಾಗುತ್ತವೆ. ಎಡಗೈ ಮುಂದೆ ಮುಂದೆ ಜಾರುತ್ತದೆ, ಬೆರಳುಗಳು ಹಿಂದೆ ಬೀಳುತ್ತವೆ, ನಿಧಾನವಾಗುತ್ತವೆ, ನಿಲ್ಲುತ್ತವೆ. ಭುಜ ಇಳಿಯುತ್ತದೆ. ಬಸ್ ಎಷ್ಟು ದೂರ ಹೋಯಿತು, ಅವನು ಎಲ್ಲಿ ಕೈಬಿಟ್ಟ, ಎಲ್ಲವೂ ಬಂತು. ಕೊನೆಯ ಆ "ಮುಗಿಯಿತು" ಕೂಡ ಸುಮ್ನೆ ಬಂದದ್ದಲ್ಲ. ಕೆಲಸ ಪೂರ್ತಿಯಾಯಿತು ಎಂದು ತೋರಿಸಲು ಸನ್ನೆ ಭಾಷೆಗಳಲ್ಲಿ ಕೊನೆಗೆ ಹೀಗೊಂದು ಸನ್ನೆ ಬರುವುದುಂಟು. ಅವನು ಅದನ್ನು ನಿಷ್ಠೆಯಿಂದ ಕಾಗದಕ್ಕೆ ಇಳಿಸಿದ್ದಾನೆ.

ಅಂದರೆ ಅವನಿಗೆ ಕಥೆ ಹೇಳಲು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಬಾರದಿರುವುದು ಆ ಚಲನೆಯನ್ನು "ಹಿಂದೆ", "ಇಂದ", "ತನಕ" ಎಂಬ ತುಣುಕುಗಳಾಗಿ ಒಡೆಯುವುದು. ಸನ್ನೆ ಗೊತ್ತಿರುವ ಮೇಷ್ಟ್ರಿಗೆ ಇದು ಕಾಣುತ್ತದೆ. ಗೊತ್ತಿಲ್ಲದವರಿಗೆ ಹತ್ತಕ್ಕೆ ಎರಡು ಮಾತ್ರ ಕಾಣುತ್ತದೆ.

ಇನ್ನು ಆ ಪ್ರತ್ಯಯಗಳ ವಿಷಯ. ಮನೆಗೆ, ಊರಿಗೆ, ಮರಕ್ಕೆ. ಯಾಕೆ "ಮರಗೆ" ಅಲ್ಲ, ಯಾಕೆ "ಊರಕ್ಕೆ" ಅಲ್ಲ? ನಮ್ಮನ್ನು ಕೇಳಿದರೆ "ಕೇಳಕ್ಕೆ ಸರಿ ಇಲ್ಲ" ಅನ್ನುತ್ತೇವೆ. ನಿಯಮ ಓದಿ ಕಲಿತದ್ದಲ್ಲ, ತೊಟ್ಟಿಲಿನಿಂದ ಕಿವಿಗೆ ಬಿದ್ದು ಬಿದ್ದು ಬಂದದ್ದು. ಕಿವುಡ ಮಗು ಇವನ್ನೆಲ್ಲ ಕಣ್ಣಿನಿಂದ, ಅದೂ ಅಚ್ಚಿನ ಸಾಲುಗಳಿಂದ ಹೆಕ್ಕಬೇಕು. ಹಾಗಾದರೆ ಆ ಮಗುವಿಗೆ ಬೇರೆಯವರಿಗಿಂತ ಜಾಸ್ತಿ ಪುಸ್ತಕ ಸಿಗಬೇಕು. ನಾವು ಕೊಡುವುದು ಬಿಟ್ಟ ಸ್ಥಳ ತುಂಬಿರಿ! ಓದಲು ಆಸೆ ಹುಟ್ಟಿಸುವ ಕಥೆ ಕಸಿದುಕೊಂಡು, ಕಥೆಯಿಲ್ಲದ ವಾಕ್ಯಗಳ ಹಾಳೆ ಕೊಟ್ಟು, ಆಮೇಲೆ "ಇವರಿಗೆ ಓದಿನಲ್ಲಿ ಆಸಕ್ತಿ ಇಲ್ಲ" ಅನ್ನುತ್ತೇವೆ.

ಅಮೆರಿಕದಲ್ಲಿ ಹೈಸ್ಕೂಲು ಮುಗಿಸುವ ಕಿವುಡ ವಿದ್ಯಾರ್ಥಿಗಳ ಓದಿನ ಮಟ್ಟ ಹೆಚ್ಚುಕಡಿಮೆ ನಾಲ್ಕನೇ ತರಗತಿಯದು ಎಂಬ ಲೆಕ್ಕವನ್ನು ದಶಕಗಳಿಂದ ಹೇಳುತ್ತಾ ಬಂದಿದ್ದಾರೆ. ಅದನ್ನು ಮಕ್ಕಳ ಮಿತಿ ಎಂದು ಓದುವವರೇ ಜಾಸ್ತಿ. ಆದರೆ ಅಲ್ಲಿನದೇ ಇನ್ನೊಂದು ಲೆಕ್ಕ ಇದೆ. ಕಿವುಡ ಮಕ್ಕಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳಿಸುವ ಅಪ್ಪ ಅಮ್ಮಂದಿರಿಗೆ. ಬಹಳಷ್ಟು ಮನೆಗಳಲ್ಲಿ ಯಾರಿಗೂ ಸನ್ನೆ ಬರುವುದಿಲ್ಲ. ಮಗು ಮೊದಲ ಕೆಲವು ವರ್ಷ ಯಾವ ಭಾಷೆಯೂ ಪೂರ್ತಿ ಸಿಗದೆ ಬೆಳೆಯುತ್ತದೆ. ಆ ನಷ್ಟವನ್ನು ಕಾಲೇಜಿನ ಒಂದು ಸೆಮಿಸ್ಟರ್‌ನಲ್ಲಿ ಯಾರೂ ತುಂಬಿಕೊಡಲಾರರು, ನಾನು ಹೇಳುವ ಪದ್ಧತಿಯಿಂದಲೂ ಆಗದು. ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ. ಆದರೆ ದೋಷ ಮಗುವಿನ ತಲೆಯಲ್ಲಿದೆ ಎಂದು ಕೈತೊಳೆದುಕೊಳ್ಳುವುದನ್ನಾದರೂ ನಿಲ್ಲಿಸಬಹುದು.

ಈ ಇಡೀ ಕ್ಷೇತ್ರವನ್ನು ತಲೆಕೆಳಗು ಮಾಡಿದ ವ್ಯಕ್ತಿ ಒಬ್ಬ ಸಾಹಿತ್ಯದ ಮೇಷ್ಟ್ರು. ಹೆಸರು ವಿಲಿಯಂ ಸ್ಟೋಕಿ. ವಾಷಿಂಗ್ಟನ್ನಿನಲ್ಲಿ ಗ್ಯಾಲೊಡೆಟ್ ಎಂಬ ಕಾಲೇಜಿದೆ, ಈಗ ವಿಶ್ವವಿದ್ಯಾಲಯ. ಕಿವುಡ ವಿದ್ಯಾರ್ಥಿಗಳಿಗೆ ಪದವಿ ಕೊಡಲು 1864ರಲ್ಲಿ ಅದಕ್ಕೆ ಅಧಿಕಾರ ಸಿಕ್ಕಿತು, ಕಾನೂನಿಗೆ ಸಹಿ ಹಾಕಿದವರು ಅಬ್ರಹಾಂ ಲಿಂಕನ್. ಸ್ಟೋಕಿ 1955ರಲ್ಲಿ ಅಲ್ಲಿನ ಇಂಗ್ಲಿಷ್ ವಿಭಾಗಕ್ಕೆ ಬಂದರು. ಓದಿದ್ದು ಮಧ್ಯಯುಗದ ಇಂಗ್ಲಿಷ್ ಸಾಹಿತ್ಯ, ಸನ್ನೆಯ ಗಂಧಗಾಳಿ ಇರಲಿಲ್ಲ. ಆಗ ಅಲ್ಲಿನ ಮೇಷ್ಟ್ರುಗಳೇ ಸನ್ನೆಯನ್ನು ಒಡೆದ ಇಂಗ್ಲಿಷ್ ಅಂದುಕೊಂಡಿದ್ದರು. ಸ್ಟೋಕಿ ಮಾತ್ರ ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಮಾತಾಡುವುದನ್ನು ಗಮನಿಸಿದರು. ಕೈಯ ಆಕಾರ, ಕೈ ಇರುವ ಜಾಗ, ಕೈಯ ಚಲನೆ. ಇದರಲ್ಲಿ ಒಂದು ಬದಲಾದರೆ ಅರ್ಥವೇ ಬದಲಾಗುತ್ತದೆ. ಅಂದಮೇಲೆ ಇದು ಪೂರ್ತಿ ಭಾಷೆ ಎಂದು 1960ರಲ್ಲಿ ಪ್ರಕಟಿಸಿದರು. ಸಹೋದ್ಯೋಗಿಗಳು ಮೂಗು ಮುರಿದರು. ಇಂಗ್ಲಿಷ್ ಕಲಿಸು ಅಂತ ಕರೆಸಿದರೆ ಇವನೇನು ಕೈ ಎಣಿಸುತ್ತಾ ಕೂತಿದ್ದಾನೆ ಎಂಬ ಧಾಟಿ.

1965ರಲ್ಲಿ ಅಮೆರಿಕನ್ ಸನ್ನೆ ಭಾಷೆಯ ನಿಘಂಟು ಬಂತು. ಅದರಲ್ಲಿ ಸ್ಟೋಕಿ ಜೊತೆ ಇನ್ನಿಬ್ಬರ ಹೆಸರಿದೆ: ಡೊರೊಥಿ ಕ್ಯಾಸ್ಟರ್‌ಲೈನ್, ಕಾರ್ಲ್ ಕ್ರೋನೆಬರ್ಗ್. ಇಬ್ಬರೂ ಕಿವುಡರು, ಇಬ್ಬರೂ ಅದೇ ಇಂಗ್ಲಿಷ್ ವಿಭಾಗದವರು. ಜಗತ್ತು ನೆನಪಿಟ್ಟುಕೊಂಡದ್ದು ಸ್ಟೋಕಿಯನ್ನು. ಈ ಇಬ್ಬರಿಗೆ ಗ್ಯಾಲೊಡೆಟ್ ಗೌರವ ಡಾಕ್ಟರೇಟ್ ಕೊಟ್ಟದ್ದು 2022ರಲ್ಲಿ. ನಿಘಂಟು ಬಂದು 57 ವರ್ಷ ಕಳೆದ ಮೇಲೆ! ವೃತ್ತಿಯಲ್ಲಿ ಮನ್ನಣೆ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇದಕ್ಕೆ ಹಿಂದಿನ ಕಥೆಯೂ ಇದೆ. 1880ರಲ್ಲಿ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ನಡೆಯಿತು. ಬಂದವರು ಬಹುತೇಕ ಕಿವಿ ಕೇಳಿಸುವವರೇ. ತರಗತಿಯಲ್ಲಿ ಸನ್ನೆ ಬೇಡ, ಬಾಯಲ್ಲೇ ಮಾತಾಡಿಸಿ ಎಂದು ತೀರ್ಮಾನಿಸಿದರು. ಆಮೇಲೆ ದೇಶದೇಶಗಳಲ್ಲಿ ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಆ ಸಮ್ಮೇಳನದ ಪರಂಪರೆಯವರು ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ.

ಸರಿ, ಸಾಹಿತ್ಯಕ್ಕೆ ಬರೋಣ. "ಕಿವುಡರಿಗೆ ಪದ್ಯ ಹೇಗ್ರೀ ಪಾಠ ಮಾಡ್ತೀರಾ, ಪ್ರಾಸ ಕೇಳಿಸಲ್ವಲ್ಲ?" ಅಂತ ಕೇಳುವವರಿದ್ದಾರೆ. ನಮ್ಮ ಹಳೆಯ ಕಾವ್ಯವನ್ನೇ ನೋಡಿ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ. ಪುಸ್ತಕ ತೆರೆದರೆ ಅದು ಒಂದರ ಕೆಳಗೊಂದು ಕಂಬದ ಹಾಗೆ ನಿಂತಿರುತ್ತದೆ. ಬೆರಳಿಟ್ಟು ತೋರಿಸಬಹುದು. ಲಘು ಗುರು ಹಾಕಿ ಪ್ರಸ್ತಾರ ಮಾಡುವುದಂತೂ ಪೂರ್ತಿ ಕಣ್ಣಿನ ಕೆಲಸ. ಕಿವಿ ಇರುವ ವಿದ್ಯಾರ್ಥಿಗಳೇ ಅದರಲ್ಲಿ ಜಾಸ್ತಿ ಎಡವುತ್ತಾರೆ, ಯಾಕೆಂದರೆ ಅವರು ನೋಡುವ ಬದಲು ಗುನುಗುತ್ತಾರೆ.

ಇನ್ನೊಂದು ಕಡೆ, ಸನ್ನೆಯಲ್ಲೇ ಕಾವ್ಯ ಇದೆ. ಡೊರೊಥಿ ಮೈಲ್ಸ್ ಎಂಬ ಕವಿ ವೇಲ್ಸ್‌ನಲ್ಲಿ ಹುಟ್ಟಿದವರು, ಬಾಲ್ಯದಲ್ಲಿ ಮೆದುಳುಜ್ವರದಿಂದ ಕಿವಿ ಹೋಯಿತು. ಗ್ಯಾಲೊಡೆಟ್‌ನಲ್ಲಿ ಓದಿದರು, ಇಂಗ್ಲಿಷಿನಲ್ಲೂ ಸನ್ನೆಯಲ್ಲೂ ಬರೆದರು. ಸನ್ನೆಯ ಕವಿತೆಯಲ್ಲಿ ಒಂದೇ ಕೈ ಆಕಾರ ಸಾಲುಸಾಲಾಗಿ ಮರಳಿ ಬಂದರೆ ಅದೇ ಪ್ರಾಸ. ಎಡಗೈ ಬಲಗೈ ಸಮತೂಕದಲ್ಲಿ ನಡೆದರೆ ಅದೇ ಲಯ. ಇದನ್ನು ಮೊದಲು ತೋರಿಸಿ, ಆಮೇಲೆ ಅಚ್ಚಿನ ಪದ್ಯ ತೆರೆದರೆ ಪ್ರಾಸ ಏಕೆ ಬೇಕು ಎಂದು ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ.

ಕ್ಲಾಸಿನ ಒಂದು ಸಣ್ಣ ಸಂಗತಿ ಹೇಳುತ್ತೇನೆ, ಯಾರೂ ಹೇಳದ್ದು. ಮಾಮೂಲಿ ಕ್ಲಾಸಿನಲ್ಲಿ ಮಕ್ಕಳ ಕಣ್ಣು ಪುಟದ ಮೇಲೆ, ಕಿವಿ ಮೇಷ್ಟ್ರ ಮೇಲೆ. ಇಲ್ಲಿ ಎರಡಕ್ಕೂ ಕಣ್ಣೊಂದೇ. "ಮೂರನೇ ಸಾಲು ನೋಡಿ" ಎಂದು ಸನ್ನೆ ಮಾಡಿದ ಮೇಲೆ ನಾನು ಕೈ ಕಟ್ಟಿ ನಿಲ್ಲಬೇಕು. ಎಲ್ಲರೂ ಓದಿ ತಲೆ ಎತ್ತಿದ ಮೇಲೆಯೇ ಮುಂದಿನ ಮಾತು. ಒಂದು ಪದ್ಯಕ್ಕೆ ದುಪ್ಪಟ್ಟು ಸಮಯ ಹಿಡಿಯುತ್ತದೆ, ಆದರೆ ಯಾರೂ ಸಾಲು ಹಾರಿಸುವುದಿಲ್ಲ. ಇಂಟರ್‌ಪ್ರಿಟರ್ ಇಟ್ಟುಕೊಂಡ ಮಿಶ್ರ ಕ್ಲಾಸಿನಲ್ಲಿ ಇದು ಆಗುವುದಿಲ್ಲ. ಪ್ರಶ್ನೆ ಸನ್ನೆಗೆ ಬರುವಷ್ಟರಲ್ಲಿ ಮುಂದಿನ ಬೆಂಚಿನವರು ಉತ್ತರ ಹೇಳಿ ಆಗಿರುತ್ತದೆ.

ಬರವಣಿಗೆಗೂ ದಾರಿಗಳಿವೆ. 1980ರ ದಶಕದಲ್ಲಿ ಗ್ಯಾಲೊಡೆಟ್‌ನಲ್ಲಿ ಟ್ರೆಂಟ್ ಬ್ಯಾಟ್ಸನ್ ಎಂಬ ಪ್ರಾಧ್ಯಾಪಕರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಇಡೀ ಕ್ಲಾಸನ್ನು ಟೈಪ್ ಮಾಡುತ್ತಾ ಹರಟೆಗೆ ಕೂರಿಸಿದರು. ಚಾಟ್ ಎಂಬುದು ಮನೆಮನೆಗೆ ಬರುವ ಎಷ್ಟೋ ಮೊದಲು! ತಪ್ಪಿಗೆ ಕೆಂಪು ಗೆರೆ ಇಲ್ಲ, ಎದುರಿನವರು ಉತ್ತರ ಕೊಡುತ್ತಾರೆ ಅಷ್ಟೇ. ಈಗ ಫೋನೇ ಸಾಕು. ಮೊದಲ ಕರಡನ್ನು ಸನ್ನೆಯಲ್ಲಿ ವಿಡಿಯೋ ಮಾಡಿಸಿ. ಅದನ್ನು ಅವರೇ ನೋಡಿ, ನಿಲ್ಲಿಸಿ ನಿಲ್ಲಿಸಿ ಬರೆಯಲಿ. ಗಟ್ಟಿಯಾಗಿ ಓದುವುದರ ಜಾಗದಲ್ಲಿ ಇದು. ವ್ಯಾಕರಣ ಬೇಡ ಅನ್ನುತ್ತಿಲ್ಲ. ಅರ್ಜಿ ಬರೆಯಲು, ಕೆಲಸ ಹಿಡಿಯಲು ಅದು ಬೇಕೇ ಬೇಕು. ಹೇಳಲು ಏನೋ ಇದೆ ಎಂದಾದ ಮೇಲೆ ಅದು ಬೇಗ ಹತ್ತುತ್ತದೆ. (ಅಂದಹಾಗೆ, ನನ್ನ ಈ ವಿಡಿಯೋಗೆ ಕ್ಯಾಪ್ಷನ್ ನಾನೇ ಕೂತು ಹಾಕಿದ್ದೇನೆ. ತಾನಾಗಿ ಬರುವ ಕನ್ನಡ ಕ್ಯಾಪ್ಷನ್ ನೋಡಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.)

ಈಗ ಮೇಷ್ಟ್ರ ಹೊಟ್ಟೆಪಾಡು. ಬಡ್ತಿಗೆ ಕೇಳುವುದು ಪ್ರಬಂಧ ಎಷ್ಟು, ಸೆಮಿನಾರ್ ಎಷ್ಟು ಎಂದು. ಸನ್ನೆ ಕಲಿಯಲು ಹಿಡಿದ ವರ್ಷಗಳು, ಒಂದೊಂದು ಬರಹಕ್ಕೂ ವಿದ್ಯಾರ್ಥಿಯ ಪಕ್ಕ ಕೂತ ಸಂಜೆಗಳು ಯಾವ ಕಾಲಮ್ಮಿಗೂ ಬರುವುದಿಲ್ಲ. ಅದನ್ನು "ಸೇವೆ" ಎಂದು ಹೊಗಳಿ ಶಾಲು ಹೊದಿಸುತ್ತಾರೆ. ಶಾಲು ಬೇಡ, ಬೋಧನೆಯ ಗಂಟೆಗಳಲ್ಲಿ ಸೇರಿಸಿ. ಮತ್ತು ಕಿವುಡರನ್ನೇ ಸಾಹಿತ್ಯ ಪಾಠಕ್ಕೆ ನೇಮಿಸಿ. ರಾಬರ್ಟ್ ಪನಾರಾ ಹತ್ತನೇ ವಯಸ್ಸಿನಲ್ಲಿ ಕಿವಿ ಕಳೆದುಕೊಂಡವರು. ದಶಕಗಳ ಕಾಲ ಷೇಕ್ಸ್‌ಪಿಯರನ್ನು ಸನ್ನೆಯಲ್ಲಿ ಪಾಠ ಮಾಡಿದರು, ಕಿವುಡರ ರಂಗಭೂಮಿ ಕಟ್ಟಲು ನೆರವಾದರು. 2017ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಅಂಚೆಚೀಟಿ ತಂದಿತು. ಅಂಥವರು ಸ್ಟಾಫ್ ರೂಮಿನಲ್ಲಿ ಒಬ್ಬರಿದ್ದರೆ, "ಇವರಿಗೆ ಸಾಹಿತ್ಯ ಯಾಕೆ" ಎಂಬ ಪ್ರಶ್ನೆ ಕೇಳಲು ಉಳಿದವರಿಗೆ ನಾಚಿಕೆಯಾಗುತ್ತದೆ.

ಕೊನೆಯದಾಗಿ ಪರೀಕ್ಷೆ. ಸಾಹಿತ್ಯದ ಪತ್ರಿಕೆಯಲ್ಲಿ ಎರಡು ಬೇರೆ ಬೇರೆ ಅಂಕ ಇಡಿ. ಕೃತಿಯನ್ನು ಹೇಗೆ ಓದಿದ್ದಾರೆ ಎಂಬುದಕ್ಕೆ ಒಂದು, ಅದನ್ನು ಬರಹದಲ್ಲಿ ಹೇಗೆ ಇಟ್ಟಿದ್ದಾರೆ ಎಂಬುದಕ್ಕೆ ಒಂದು. ಮೊದಲನೆಯದಕ್ಕೆ ಉತ್ತರವನ್ನು ಸನ್ನೆಯ ವಿಡಿಯೋದಲ್ಲಿ ಕೊಡಲು ಬಿಡಿ. ಇದು ರಿಯಾಯಿತಿ ಆಗುತ್ತದೆ ಅನ್ನುವವರಿಗೆ ನನ್ನದೊಂದು ಪ್ರಶ್ನೆ. ನಾಟಕದ ಪಾತ್ರವೊಂದು ಸುಳ್ಳು ಹೇಳುತ್ತಿದೆ ಎಂದು ಪತ್ತೆಹಚ್ಚಿದ ವಿದ್ಯಾರ್ಥಿಗೆ, "ಕ್ಕೆ" ಬದಲು "ಗೆ" ಬರೆದ ಎಂದು ನಾಟಕ ಅರ್ಥವಾಗಿಲ್ಲ ಅಂತ ಷರಾ ಬರೆಯುವುದು ಯಾವ ವಿಷಯದ ಪರೀಕ್ಷೆ? ಕಾಮೆಂಟಿನಲ್ಲಿ ಹೇಳಿ. ಬೈಯುವುದಿದ್ದರೂ ಬೈಯಿರಿ, ಓದುತ್ತೇನೆ.